ಗೇಜ್ ಇಲ್ಲದ ಕಾಲುವೆ

ನಮ್ಮೂರು ರಾಯಚೂರು ಜಿಲ್ಲೆಯ ಸಿರವಾರದ ಬಳಿ, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗ. ಕಾಲುವೆಗೆ ನೀರು ಬಿಟ್ಟರೆಂಬ ಸುದ್ದಿ ಬಂದರೆ ಸಾಕು, ಅಪ್ಪ ನಸುಕಿನಲ್ಲೇ ಸೈಕಲ್ ಹತ್ತಿ ಗೇಜ್ ನೋಡಲು ಹೋಗುತ್ತಿದ್ದ. ನೀರು ಎಷ್ಟು ಅಡಿ ಬಂದಿದೆ ಎಂದು ನೋಡಿಕೊಂಡು ಬಂದ ಮೇಲೆಯೇ ಭತ್ತದ ಸಸಿ ಹಾಕುವ ಮಾತು. ನೀರು ಬಾರದ ವರ್ಷಗಳೂ ಇದ್ದವು. ಮೇಲ್ಭಾಗದವರು ಎಳೆದುಕೊಂಡರು ಎಂದು ಬೈದು ಹತ್ತಿ ಹಾಕುತ್ತಿದ್ದ. ಹೊಲ ಒಣಗಿದ್ದು ತನ್ನ ತಪ್ಪಿನಿಂದ ಎಂದು ಒಂದು ದಿನವೂ ಅಂದುಕೊಳ್ಳಲಿಲ್ಲ.

ನಾನೀಗ ನ್ಯೂಜೆರ್ಸಿಯಲ್ಲಿದ್ದೇನೆ. ಮಗಳು ಜನವರಿ 1ರ ಗಡುವಿನೊಳಗೆ ಒಂಬತ್ತು ಕಾಲೇಜುಗಳಿಗೆ ಅರ್ಜಿ ಹಾಕಿದಳು. ಇಲ್ಲಿ ಅಂಕದ ಜೊತೆಗೆ ಪ್ರಬಂಧ, ಶಿಕ್ಷಕರ ಪತ್ರ, ಶಾಲೆಯಾಚೆ ಏನು ಮಾಡಿದೆ ಎಂಬುದನ್ನೂ ನೋಡುತ್ತಾರೆ. ಹುಡುಗಿಯನ್ನು ಇಡಿಯಾಗಿ ನೋಡುತ್ತಾರಲ್ಲ ಎಂದು ನನಗೆ ಮೊದಲು ಸಂತೋಷವೇ ಆಗಿತ್ತು. ಮಾರ್ಚ್ ಕೊನೆಯ ಒಂದು ಸಂಜೆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತಳು. ಅವಳು ಬಹಳ ಆಸೆಪಟ್ಟಿದ್ದ ಕಾಲೇಜಿನ ಪತ್ರದಲ್ಲಿ ‘ವೇಟ್‌ಲಿಸ್ಟ್’ ಎಂದಿತ್ತು, ಅಂದರೆ ಸೀಟು ಉಳಿದರೆ ಕರೆಯುತ್ತೇವೆ, ಕಾಯಿರಿ ಎಂದು. ಪತ್ರವನ್ನು ಮೂರು ಸಲ ಓದಿದಳು, ನಾನೂ ಓದಿದೆ. ಎಷ್ಟನೆಯವಳು, ಎಲ್ಲಿ ಕಡಿಮೆ ಬಿತ್ತು, ಒಂದಕ್ಷರವಿಲ್ಲ. ಫೋನ್ ಮಾಡಿದರೆ, ಆ ಪಟ್ಟಿಗೆ ಕ್ರಮಸಂಖ್ಯೆಯೇ ಇರುವುದಿಲ್ಲ ಎಂದರು. ‘ನಾನು ಬರೆದದ್ದು ಸುಳ್ಳು ಅನ್ನಿಸಿತೇನೋ ಅಪ್ಪಾ’ ಅಂದಳು. ತನ್ನ ಅಜ್ಜಿಯ ಬಗ್ಗೆ ಬರೆದಿದ್ದಳು.

ಅದೇ ಹೊತ್ತಿಗೆ ರಾಯಚೂರಿನಲ್ಲಿ ಅಕ್ಕನ ಮಗ ಸಿಇಟಿಗೆ ಓದುತ್ತಿದ್ದ. ಇಂಜಿನಿಯರಿಂಗ್ ರ್ಯಾಂಕಿಗೆ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ರ್ಯಾಂಕ್ ಬಂದ ರಾತ್ರಿಯೇ ಹಿಂದಿನ ವರ್ಷದ ಕಟ್‌ಆಫ್ ಪಟ್ಟಿ ಹರವಿಕೊಂಡು, ಸಿಗುವ ಕಾಲೇಜುಗಳಿಗೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿದ. ಸಂವಿಧಾನದ 371ಜೆ ವಿಧಿಯ ಪ್ರಕಾರ ಕಲ್ಯಾಣ ಕರ್ನಾಟಕದ ಸಂಸ್ಥೆಗಳಲ್ಲಿ ಶೇ. 70 ಸೀಟು, ರಾಜ್ಯಮಟ್ಟದವುಗಳಲ್ಲಿ ಶೇ. 8 ನಮ್ಮ ಭಾಗದವರಿಗೆ. ಆ ಲೆಕ್ಕವೂ ಪಟ್ಟಿಯಲ್ಲೇ ಇದೆ. ಮೊದಲು ಅಣಕು ಹಂಚಿಕೆ, ಯಾವ ಸೀಟು ಸಿಗಬಹುದೆಂದು ತೋರಿಸಲು. ನಿಜವಾದ ಸೀಟು ಬಂದಾಗ, ಇದೇ ಸಾಕು ಎನ್ನಬಹುದು, ಅಥವಾ ಇದನ್ನು ಹಿಡಿದುಕೊಂಡೇ ಮೇಲಿನದಕ್ಕೆ ಮುಂದಿನ ಸುತ್ತಿನವರೆಗೆ ಕಾಯಬಹುದು. ಕಾಯುವುದು ಅಲ್ಲೂ ಇದೆ, ಆದರೆ ಗೇಜ್ ಕಣ್ಣೆದುರಿಗಿದೆ.

ಕೆಲವು ಗಂಟೆಗಳ ಪರೀಕ್ಷೆ ಒಬ್ಬ ಹುಡುಗನನ್ನು ಅಳೆಯುತ್ತದೆ ಎಂದು ನಾನು ನಂಬುವುದಿಲ್ಲ. ಹಾಲು ತರಲು ಹೋದರೂ ‘ಎಷ್ಟು ಬಂತಪಾ ರ್ಯಾಂಕು?’ ಎಂದು ಕೇಳುವ ಓಣಿಯ ಬಾಯಿಗೆ ಹೆದರಿ ಅಕ್ಕನ ಮಗ ವಾರಗಟ್ಟಲೆ ಹೊರಗೆ ಬೀಳಲಿಲ್ಲ. ಇಲ್ಲಿನ ನೆರೆಯವರು ಯಾರೂ ಕೇಳಲಿಲ್ಲ, ಆ ಸೂಕ್ಷ್ಮತೆಯನ್ನು ನಮ್ಮವರೂ ಕಲಿಯಬೇಕು. ಇಷ್ಟಾಗಿಯೂ ನನ್ನ ಮನಸ್ಸು ರಾಯಚೂರಿನ ಪಟ್ಟಿಯ ಕಡೆಗೇ ವಾಲುತ್ತದೆ. 2024ರಲ್ಲಿ ಹಾರ್ವರ್ಡ್‌ಗೆ ಬಂದ ಅರ್ಜಿ 54,008, ಆಯ್ಕೆಯಾದವರು 1,937. ಇಷ್ಟು ಜನರನ್ನು ಹೊರಗಿಡುವಾಗ ಒಳ್ಳೆಯ ಮಕ್ಕಳೂ ಹೊರಗುಳಿಯುತ್ತಾರೆ, ಅದು ನನಗೆ ಅರ್ಥವಾಗುತ್ತದೆ. ಆದರೆ ಹದಿನೇಳು ವರ್ಷದವಳ ಬದುಕನ್ನೆಲ್ಲ ಬರೆಸಿಕೊಂಡ ಮೇಲೆ, ಕಾರಣ ಹೇಳದೆ ಬಾಗಿಲಲ್ಲಿ ನಿಲ್ಲಿಸುವುದು ತಪ್ಪು. ಕಾರಣ ಹೇಳದಿದ್ದರೆ ಮಗು ತನ್ನೊಳಗೇ ಹುಡುಕತೊಡಗುತ್ತದೆ.

ಮೇ 1ರೊಳಗೆ ಬೇರೊಂದು ಕಾಲೇಜಿಗೆ ಹಣ ಕಟ್ಟಿ ಸೀಟು ಉಳಿಸಿಕೊಂಡೆವು. ಮೊನ್ನೆ ಅಳಿಯ ಫೋನಿನಲ್ಲಿ, ‘ಮಾಮಾ, ಆಕಿಗೆ ಎಷ್ಟನೇ ನಂಬರ್ ಕೊಟ್ಟಾರ?’ ಎಂದು ಕೇಳಿದ. ನಂಬರ್ ಕೊಡುವುದಿಲ್ಲವಂತೆ ಎಂದೆ. ಪಕ್ಕದಲ್ಲಿದ್ದ ಅಪ್ಪ ಫೋನ್ ಇಸಿದುಕೊಂಡ. ‘ಹಂಗಾದ್ರ ಕೂಸಿಗೆ ಕಾಯಬ್ಯಾಡ ಅಂತ ಹೇಳು’ ಅಂದ. ಮಗಳು ಈಗಲೂ ದಿನಕ್ಕೊಮ್ಮೆ ಆ ಪುಟ ತೆರೆದು ನೋಡುತ್ತಾಳೆ.