ಜಸ್ಟೀನ್ ಬಗ್ಗೆ ಯಾಕೆ ಯಾರೂ ಮಾತಾಡಲ್ಲ?

ಫ್ರಾಂಕನ್‌ಸ್ಟೈನ್ ಕಾದಂಬರಿಯ ಮಾತು ಬಂದಾಗಲೆಲ್ಲ ಚರ್ಚೆ ಒಂದೇ ಜಾಡು ಹಿಡಿಯುತ್ತದೆ. ಸೃಷ್ಟಿ ಮಾಡಿದ ವಿಕ್ಟರ್ ದೊಡ್ಡ ಪಾಪಿಯೋ, ಅವನು ಮಾಡಿಟ್ಟ ಆ ಜೀವಿ ದೊಡ್ಡ ಪಾಪಿಯೋ? ಈಗಂತೂ ಹೆಚ್ಚಿನವರು ಜೀವಿಯ ಕಡೆ. ಅದರಲ್ಲಿ ಆಶ್ಚರ್ಯವೇನಿಲ್ಲ. ಎಂಟಡಿ ಎತ್ತರದ ದೇಹ ಕಟ್ಟಿ, ಅದು ಕಣ್ಣು ಬಿಟ್ಟ ಕೂಡಲೇ ಮಲಗುವ ಕೋಣೆಗೆ ಓಡಿಹೋದವನು ವಿಕ್ಟರ್. ಜೀವಿ ಹಾಸಿಗೆಯ ಪರದೆ ಎತ್ತಿ ಕೈ ಚಾಚಿದರೆ ಅಲ್ಲಿಂದಲೂ ಓಟ. ಮಾರನೇ ದಿನ ಬಂದು ನೋಡಿ, ಕೋಣೆ ಖಾಲಿ ಅಂತ ಗೊತ್ತಾದಾಗ ಖುಷಿಯಿಂದ ಚಪ್ಪಾಳೆ ತಟ್ಟುತ್ತಾನೆ ಮಹಾಶಯ! ಹುಟ್ಟಿಸಿದವನೇ ಹೀಗೆ ಕೈಬಿಟ್ಟರೆ ಅದು ಕೊಲೆಗಾರ ಆಗದೆ ಇನ್ನೇನಾಗುತ್ತೆ ಅನ್ನೋದು ವಾದ.

ನನ್ನ ತಕರಾರು ಇರೋದು ಇಲ್ಲೇ. ಈ ಪ್ರಶ್ನೆಗೆ ಮೇರಿ ಶೆಲ್ಲಿ ಕಾದಂಬರಿಯ ಒಳಗೇ ಉತ್ತರ ಇಟ್ಟಿದ್ದಾಳೆ. ನಾವು ಪುಟ ತಿರುಗಿಸಿ ಮುಂದೆ ಹೋಗುತ್ತೇವೆ, ಅಷ್ಟೇ.

ಜಸ್ಟೀನ್ ಮೊರಿಟ್ಜ್ ಜಿನೀವಾದ ಫ್ರಾಂಕನ್‌ಸ್ಟೈನ್ ಮನೆಯ ಕೆಲಸದ ಹುಡುಗಿ. ಹೆತ್ತ ತಾಯಿಗೇ ಇವಳನ್ನು ಕಂಡರೆ ಆಗುತ್ತಿರಲಿಲ್ಲ. ಅಪ್ಪ ಸತ್ತ ಮೇಲೆ ಕಾಟ ಜಾಸ್ತಿಯಾಯಿತು. ಅದನ್ನು ನೋಡಲಾಗದೆ ವಿಕ್ಟರನ ತಾಯಿ ಇವಳನ್ನು 12ನೇ ವಯಸ್ಸಿನಲ್ಲಿ ತಮ್ಮ ಮನೆಗೆ ಕರೆತಂದಳು. ಮುಂದೆ ಒಡಹುಟ್ಟಿದವರೆಲ್ಲ ಒಬ್ಬೊಬ್ಬರಾಗಿ ತೀರಿಕೊಂಡಾಗ ತಾಯಿ ವಾಪಸ್ ಕರೆಸಿಕೊಂಡಳು. ಒಮ್ಮೊಮ್ಮೆ ಕ್ಷಮಿಸು ಅಂತ ಅಳುವುದು, ಹೆಚ್ಚು ಸಲ ಅವರನ್ನೆಲ್ಲ ನುಂಗಿದವಳು ನೀನೇ ಅಂತ ದೂರುವುದು. ಆ ತಾಯಿ ಹಾಸಿಗೆ ಹಿಡಿದಾಗ ಆರೈಕೆ ಮಾಡಿದವಳೂ ಜಸ್ಟೀನೇ. ಹುಟ್ಟಿಸಿದವರಿಗೆ ಬೇಡವಾದ ಮಗು ಈ ಕಥೆಯಲ್ಲಿ ಜೀವಿ ಒಂದೇ ಅಲ್ಲ, ಅಲ್ವಾ?

ಅವಳಿಗೆ ಒಬ್ಬ ಯಜಮಾನಿಯಾದರೂ ಸಿಕ್ಕಳು, ಜೀವಿಗೆ ಯಾರಿದ್ದರು ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ವಿಕ್ಟರನ ತಮ್ಮ, ಪುಟ್ಟ ವಿಲಿಯಂನನ್ನು ಜೀವಿ ಕೊಂದದ್ದನ್ನು ಬೇಕಾದರೆ ಸಿಟ್ಟಿನ ಭರದಲ್ಲಿ ಆದದ್ದು ಅನ್ನೋಣ. ನನಗೆ ನುಂಗಲಾಗದ್ದು ಅದರ ನಂತರದ ಕೆಲಸ.

ಆ ರಾತ್ರಿ ಜಸ್ಟೀನ್ ಊರಾಚೆ ಚಿಕ್ಕಮ್ಮನ ಮನೆಗೆ ಹೋಗಿದ್ದಳು. ಮಗು ಕಾಣೆಯಾಗಿದೆ ಅಂತ ದಾರಿಯಲ್ಲಿ ತಿಳಿದು ಗಂಟೆಗಟ್ಟಲೆ ಹುಡುಕಿದಳು. ಅಷ್ಟರಲ್ಲಿ ಜಿನೀವಾದ ಕೋಟೆ ಬಾಗಿಲು ಹಾಕಿತ್ತು. ಯಾರದೋ ಮನೆಯ ಕೊಟ್ಟಿಗೆಯಲ್ಲಿ ರಾತ್ರಿ ಕಳೆದಳು. ಮಗುವಿನ ಕೊರಳಲ್ಲಿದ್ದ ಪುಟ್ಟ ಚಿತ್ರವನ್ನು ಜೀವಿ ತಂದು ಇವಳ ಬಟ್ಟೆಯ ಮಡಿಕೆಗೆ ಸೇರಿಸಿತು. ಅದು ಸಿಕ್ಕಿದ್ದೇ ಕೊಲೆಯ ಆರೋಪ ಇವಳ ತಲೆಗೆ ಬಂತು. ಏನಾಗುತ್ತೆ ಅಂತ ಗೊತ್ತಿಲ್ಲದೆ ಮಾಡಿದ್ದಲ್ಲ. ಕಾಡಿನ ಗುಡಿಸಲಿನ ಗೋಡೆಗೆ ಕಿವಿಯಿಟ್ಟು ಅದು ಮಾತು ಕಲಿತ ಡೆಲೇಸಿ ಕುಟುಂಬ ಪ್ಯಾರಿಸ್ಸಿನ ಕೋರ್ಟಿನ ಅನ್ಯಾಯದಿಂದಲೇ ಬೀದಿಗೆ ಬಿದ್ದದ್ದು. ಆ ಕಥೆ ಜೀವಿಗೆ ಗೊತ್ತು. ಆ ಮನೆಯ ಮಗ ಫೆಲಿಕ್ಸ್‌ನ ಪಾಠದಿಂದ, ಮನುಷ್ಯರ ಕ್ರೂರ ಕಾನೂನಿನಿಂದ ಕೇಡು ಮಾಡೋದು ಕಲಿತೆ ಅಂತ ತನ್ನ ಬಾಯಿಂದಲೇ ಹೇಳುತ್ತದೆ.

ಮೊದಲ ಮುದ್ರಣ ಬಂದದ್ದು 1818ರಲ್ಲಿ. 1831ರಲ್ಲಿ ತಿದ್ದಿ ಬರೆದಾಗ ಮೇರಿ ಈ ಜಾಗವನ್ನು ಇನ್ನೂ ಕಟುವಾಗಿಸಿದಳು. ಮಲಗಿರುವ ಹುಡುಗಿಯ ಮೇಲೆ ಜೀವಿ ಬಗ್ಗುತ್ತದೆ. ಎದ್ದರೆ ನನ್ನನ್ನು ಕಂಡು ಶಪಿಸುತ್ತಾಳೆ ಅಂದುಕೊಳ್ಳುತ್ತದೆ. ತಪ್ಪಿನ ಮೂಲ ಇವಳೇ, ಶಿಕ್ಷೆಯೂ ಇವಳಿಗೇ ಆಗಲಿ ಅಂತ ತೀರ್ಮಾನಿಸಿಬಿಡುತ್ತದೆ. ಅವಳಿನ್ನೂ ಕಣ್ಣೇ ಬಿಟ್ಟಿಲ್ಲ! ಕರ್ಣನಿಗೆ ಮರುಗುವಾಗ, ದ್ರೌಪದಿಯನ್ನು ಸಭೆಗೆ ಎಳೆದು ತಂದ ದಿನ ಅವನು ಆಡಿದ ಮಾತನ್ನು ನಾವು ಪಕ್ಕಕ್ಕಿಟ್ಟೇ ಮರುಗುತ್ತೇವಲ್ಲ, ಇಲ್ಲೂ ಅದೇ ಕಥೆ.

ವಿಕ್ಟರ್‌ನದು ಇನ್ನೊಂದು ಬಗೆ. ಮಿಂಚಿನ ಬೆಳಕಿನಲ್ಲಿ ಜೀವಿಯನ್ನು ಕಂಡಿದ್ದ, ಕೊಲೆಗಾರ ಯಾರು ಅಂತ ಅವನಿಗೆ ಖಾತ್ರಿಯಾಗಿತ್ತು. ಆದರೂ ಬಾಯಿ ಬಿಡಲಿಲ್ಲ. ಹೇಳಿದರೆ ಹುಚ್ಚ ಅಂತಾರೆ ಅನ್ನೋ ಲೆಕ್ಕ. ನಮ್ಮ ಜಿನೀವಾದಲ್ಲಿ ಕೆಲಸದವರೆಂದರೆ ಫ್ರಾನ್ಸ್, ಇಂಗ್ಲೆಂಡ್‌ನ ಹಾಗಲ್ಲ ಅಂತ, ವಿಕ್ಟರನನ್ನು ಮದುವೆಯಾಗಲಿದ್ದ ಎಲಿಜಬೆತ್ ಅವನಿಗೆ ಕಾಗದದಲ್ಲಿ ಹೆಮ್ಮೆಯಿಂದ ಬರೆದಿರುತ್ತಾಳೆ. ಪಾಪ, ಕೋರ್ಟಿನಲ್ಲಿ ಜಸ್ಟೀನ್ ಪರವಾಗಿ ಎದ್ದು ನಿಂತು ಮಾತಾಡಿದವಳೂ ಅವಳೇ. ನ್ಯಾಯಾಧೀಶರು ಮತ ಹಾಕಿದಾಗ ಬಿದ್ದದ್ದೆಲ್ಲ ಕಪ್ಪು, ಅಂದರೆ ಅಪರಾಧಿ. ಒಂದೂ ಬಿಳಿಯಿಲ್ಲ. ಜೈಲಿನಲ್ಲಿ ಪಾದ್ರಿ ನರಕದ ಬೆಂಕಿ ತೋರಿಸಿ ಹೆದರಿಸಿ ಹೆದರಿಸಿ, ಮಾಡದ ತಪ್ಪನ್ನು ಒಪ್ಪಿಸಿದ. ಅವನು ಹೇಳುವ ರಾಕ್ಷಸಿ ನಾನೇ ಇರಬೇಕು ಅಂತ ನನಗೂ ಅನ್ನಿಸತೊಡಗಿತ್ತು ಅನ್ನುತ್ತಾಳೆ ಜಸ್ಟೀನ್. ಕೊನೆಗೆ ಅವಳನ್ನು ಗಲ್ಲಿಗೇರಿಸಿದರು. ಇಷ್ಟಾದರೂ ವಿಕ್ಟರನ ಗೋಳು ಏನು ಗೊತ್ತಾ? ನನ್ನ ನೋವಿನ ಮುಂದೆ ಅವಳ ನೋವು ಏನೂ ಅಲ್ಲ, ಅವಳಿಗೆ ನಿರಪರಾಧಿ ಅನ್ನೋ ಆಸರೆಯಾದರೂ ಇತ್ತು ಅಂತ! ಈ ಸಾಲು ಓದಿದರೆ ಪುಸ್ತಕ ಬಿಸಾಡಬೇಕು ಅನ್ನಿಸುತ್ತೆ.

ಹೋಗಲಿ, ಹೇಳಿದ್ದರೆ ಯಾರು ನಂಬುತ್ತಿದ್ದರು ಅಂತೀರಾ? ಅದಕ್ಕೂ ಉತ್ತರ ಪುಸ್ತಕದಲ್ಲೇ ಇದೆ. ಮದುವೆಯ ರಾತ್ರಿಯೇ ಎಲಿಜಬೆತ್ ಕೊಲೆಯಾಗುತ್ತಾಳೆ. ಆಮೇಲೆ ಕೆಲವು ತಿಂಗಳು ಕಳೆದು ವಿಕ್ಟರ್ ಜಿನೀವಾದ ಮ್ಯಾಜಿಸ್ಟ್ರೇಟ್ ಹತ್ತಿರ ಹೋಗಿ ಎಲ್ಲವನ್ನೂ ಮೊದಲಿನಿಂದ ಹೇಳುತ್ತಾನೆ. ಮ್ಯಾಜಿಸ್ಟ್ರೇಟ್ ಏನೂ ಕುತ್ತಿಗೆ ಹಿಡಿದು ದಬ್ಬಲಿಲ್ಲ. ಗಮನವಿಟ್ಟು ಕೇಳಿದ. ನನ್ನ ಕೈಲಾದದ್ದು ಮಾಡ್ತೀನಿ, ಆದರೆ ಅಂಥದ್ದನ್ನು ಹಿಡಿಯೋದು ಕಷ್ಟ ಅಂದ. ಅಂದರೆ ವಿಕ್ಟರನಿಗೆ ಹೇಳೋಕೆ ಬರುತ್ತಿತ್ತು. ಹೆಂಡತಿಗಾಗಿ ಬಂದ ಬಾಯಿ ಮನೆಕೆಲಸದವಳಿಗಾಗಿ ಬರಲಿಲ್ಲ.

ಹಾಲಿವುಡ್‌ನವರು 1931ರಲ್ಲಿ ಸಿನಿಮಾ ಮಾಡಿದಾಗ ಜೀವಿಯ ತಲೆಗೆ ಅಪರಾಧಿಯ ಮಿದುಳು ಹಾಕಿದರು. ಅದು ಕಾದಂಬರಿಯಲ್ಲಿ ಎಲ್ಲೂ ಇಲ್ಲ. ಕಾದಂಬರಿಯಲ್ಲಿದ್ದ ಜಸ್ಟೀನ್‌ಳನ್ನು ಮಾತ್ರ ಪೂರ್ತಿ ಕೈಬಿಟ್ಟರು. ಅವಳ ಮೊರಿಟ್ಜ್ ಅನ್ನೋ ಮನೆತನದ ಹೆಸರನ್ನು ಎತ್ತಿ ನಾಯಕನ ಗೆಳೆಯನಿಗೆ ಕೊಟ್ಟರು.