ನೇತ್ರಾಣಿ ಸ್ಕೂಬಾ: ಯಾರ ಬೋಟು ಹತ್ತಬೇಕು?

ಮಳೆಗಾಲ ಮುಗಿದು ಸಮುದ್ರ ತಣ್ಣಗಾಗುತ್ತಿದ್ದ ಹಾಗೆ ಮುರುಡೇಶ್ವರದಲ್ಲಿ ಎಲ್ಲಿ ನೋಡಿದರೂ ಸ್ಕೂಬಾ ಬೋರ್ಡು. ಇನ್‌ಸ್ಟಾಗ್ರಾಮ್ ತೆರೆದರೆ ಅಲ್ಲೂ ಅದೇ. ಫೋಟೊ ಸಹ ಎಲ್ಲರದ್ದೂ ಒಂದೇ ಥರ: ನೀಲಿ ನೀರು, ಹಿಂದೊಂದು ಮೀನಿನ ಹಿಂಡು, ಮುಂದೆ ಓಕೆ ಅಂತ ಬೆರಳು ತೋರಿಸುತ್ತಿರುವ ಮನುಷ್ಯ. ವಾಟ್ಸ್ಯಾಪ್ ಮಾಡುವವರು ಕೇಳುವುದು ಎರಡೇ ಪ್ರಶ್ನೆ, ರೇಟೆಷ್ಟು ಮತ್ತು ವಿಡಿಯೊ ಫ್ರೀನಾ. ಇವೆರಡಕ್ಕೂ ಎಲ್ಲರ ಹತ್ತಿರ ಒಳ್ಳೆಯ ಉತ್ತರವೇ ಇರುತ್ತದೆ. ಹಾಗಾಗಿ ಕೇಳಿಯೂ ಪ್ರಯೋಜನವಿಲ್ಲ.

ಡೈವ್ ನಡೆಯುವ ನೇತ್ರಾಣಿ ದ್ವೀಪ ಮುರುಡೇಶ್ವರದ ದಡದಿಂದ ಸುಮಾರು 19 ಕಿ.ಮೀ. ಬೋಟು ಮತ್ತು ಗಾಳಿ ನೋಡಿಕೊಂಡು ಒಂದರಿಂದ ಒಂದೂವರೆ ಗಂಟೆ ದಾರಿ. ಅಲ್ಲಿ ಏನಾದರೂ ಎಡವಟ್ಟಾದರೆ ವಾಪಸ್ ದಡ ಸೇರುವ ತನಕ ಆಂಬ್ಯುಲೆನ್ಸು, ಆಸ್ಪತ್ರೆ ಎಲ್ಲ ಆ ಬೋಟೇ. ಆ ಒಂದೂವರೆ ಗಂಟೆಗೆ ಇವರು ಏನು ತಯಾರಿ ಇಟ್ಟುಕೊಂಡಿದ್ದಾರೆ ಅನ್ನುವುದರ ಮೇಲೆ ಆಪರೇಟರನ್ನು ಆರಿಸಬೇಕು ಅನ್ನುವುದು ನನ್ನ ಲೆಕ್ಕ.

ಫೋನಿನಲ್ಲಿ ಮೊದಲು ಕೇಳಿ: ಬೋಟಿನಲ್ಲಿ ಆಕ್ಸಿಜನ್ ಇಟ್ಟಿರ್ತೀರಾ? "ಇದೆ ಸರ್, ಬೆನ್ನಿಗೆ ಕಟ್ಟೋ ಸಿಲಿಂಡರಲ್ಲಿ ಅದೇ ಅಲ್ವಾ ಇರೋದು" ಅಂದರೆ ಅಲ್ಲಿಗೇ ಮಾತು ಮುಗಿಸಿ. ಡೈವ್ ಸಿಲಿಂಡರಿನಲ್ಲಿರುವುದು ನಾವು ನೀವು ಉಸಿರಾಡುವ ಮಾಮೂಲಿ ಗಾಳಿ, ಅದರಲ್ಲಿ ಆಮ್ಲಜನಕ ಶೇ. 21 ಮಾತ್ರ. ಬೆಂಡ್ಸ್ (ಒತ್ತಡ ಬೇಗ ಇಳಿದಾಗ ಮೈಯೊಳಗೆ ಸಾರಜನಕದ ಗುಳ್ಳೆ ಏಳುವುದು) ಆಗಲಿ, ಶ್ವಾಸಕೋಶಕ್ಕೆ ಪೆಟ್ಟಾಗಲಿ, ನೀರು ಕುಡಿದು ಮುಳುಗಿದ್ದಾಗಲಿ, ಡೈವಿಂಗ್‌ನ ಎಲ್ಲ ದೊಡ್ಡ ಅನಾಹುತಕ್ಕೂ ಪ್ರಥಮ ಚಿಕಿತ್ಸೆ ಅಂದರೆ ಶುದ್ಧ ಆಮ್ಲಜನಕ. ಅದು ಬೇರೆ ಸಿಲಿಂಡರ್, ಕಪ್ಪು ಮೈ, ಬಿಳಿ ಭುಜ, ಆಸ್ಪತ್ರೆಯಲ್ಲಿ ನೋಡಿದ್ದೇ.

ಇದ್ದರಷ್ಟೇ ಸಾಲದು, ಎಷ್ಟಿದೆ ಅಂತಲೂ ನೋಡಬೇಕು. ಚೀಲವಿರುವ ಮಾಸ್ಕಿನಲ್ಲಿ ಕೊಡುವಾಗ ನಿಮಿಷಕ್ಕೆ 15 ಲೀಟರ್ ಬಿಡುತ್ತಾರೆ. 90 ನಿಮಿಷಕ್ಕೆ 1350 ಲೀಟರ್ ಆಯಿತು. ನಮ್ಮಲ್ಲಿ ಸಿಗುವ ಎ ಟೈಪ್ ಸಿಲಿಂಡರಿನಲ್ಲಿ ಹಿಡಿಯುವುದು ಸುಮಾರು 750 ಲೀಟರ್. 50 ನಿಮಿಷಕ್ಕೆ ಖಾಲಿ, ಆಗ ನೀವು ಸಮುದ್ರದ ನಡುವೆಯೇ ಇರುತ್ತೀರಿ. ಬಿ ಟೈಪ್ ಆದರೆ 1500 ಲೀಟರ್, 100 ನಿಮಿಷ. ಅಂದರೆ ಒಬ್ಬರಿಗೆ ದಡ ಮುಟ್ಟುವಷ್ಟು, ಅದೂ ಸಿಲಿಂಡರ್ ಪೂರ್ತಿ ತುಂಬಿದ್ದರೆ. ಆದ್ದರಿಂದ ಬೋಟು ಹತ್ತಿದ ಮೇಲೆ ಅದರ ಗೇಜಿನ ಮುಳ್ಳು ಎಲ್ಲಿದೆ ನೋಡಿ. ವಾಲ್ವ್ ತೆರೆಯುವ ಕೀ ಸಿಲಿಂಡರಿಗೇ ಕಟ್ಟಿದೆಯಾ ನೋಡಿ. ಸಿಲಿಂಡರ್ ಬೋಟಿನಲ್ಲಿ, ಕೀ ಆಫೀಸಿನ ಡ್ರಾದಲ್ಲಿ ಅನ್ನುವ ಸ್ಥಿತಿ ನಮ್ಮ ಕಡೆ ಅಪರೂಪವೇನಲ್ಲ ಮಾರಾಯ್ರೇ.

ಇದಕ್ಕೆ ನೆಟ್ಟಗೆ ಉತ್ತರ ಕೊಡುವವರು ಉಳಿದ ವಿಷಯದಲ್ಲೂ ಸಾಮಾನ್ಯವಾಗಿ ಸರಿಯಿರುತ್ತಾರೆ. ಆದರೂ ಕೇಳಿ.

ನಿಮ್ಮನ್ನು ಹಿಡಿದುಕೊಂಡು ಇಳಿಯುವವರು ಯಾರು? ಡೈವ್‌ಮಾಸ್ಟರ್ ಸಹಾಯಕ್ಕೆ ಇರಬಹುದು, ಆದರೆ ಹೊಸಬರನ್ನು ಸಮುದ್ರಕ್ಕಿಳಿಸುವ ಹೊಣೆ ಇನ್‌ಸ್ಟ್ರಕ್ಟರರದ್ದು. ಅವರ ಹೆಸರು, ಪ್ಯಾಡಿ ಅಥವಾ ಎಸ್‌ಎಸ್‌ಐ (ಡೈವಿಂಗ್ ಕಲಿಸಿ ಪ್ರಮಾಣಪತ್ರ ಕೊಡುವ ಸಂಸ್ಥೆಗಳು) ನಂಬರ್ ಕೇಳಿ. ಪ್ಯಾಡಿಯವರದ್ದಾದರೆ ವೆಬ್‌ಸೈಟಿನಲ್ಲಿ ನಂಬರ್ ಹಾಕಿ ಆ ಸದಸ್ಯತ್ವ ಈಗಲೂ ಚಾಲ್ತಿಯಲ್ಲಿದೆಯಾ ನೋಡಬಹುದು. ಟ್ರೈ ಡೈವ್‌ಗೆ (ಕೋರ್ಸ್ ಮಾಡದೆ ಇನ್‌ಸ್ಟ್ರಕ್ಟರ್ ಜೊತೆ ಇಳಿದು ನೋಡುವುದು) 12 ಮೀಟರೇ ಮಿತಿ, ವಯಸ್ಸು ಕಡೇ ಪಕ್ಷ 10. "ನಿಮಗೆ 18 ಮೀಟರ್ ತೋರಿಸ್ತೇವೆ, ಬೇರೆಯವರ ಹಾಗಲ್ಲ" ಅಂತ ಆಸೆ ಹುಟ್ಟಿಸುವವರಿದ್ದರೆ ಆ ಬೋಟು ಬೇಡ. ಈಜು ಬರದವರೂ ಮಾಡಬಹುದು ಅನ್ನುವ ಜಾಹೀರಾತು ಸುಳ್ಳಲ್ಲ, ಆದರೆ ಈಜು ಬರದ ಒಬ್ಬರಿಗೆ ಒಬ್ಬ ಇನ್‌ಸ್ಟ್ರಕ್ಟರ್ ಇರಲೇಬೇಕು. ಮೊದಲೇ ಡೈವಿಂಗ್ ಕಲಿತು ಅದರ ಕಾರ್ಡು ಪಡೆದವರಿಗೆ ಇನ್ನೊಂದು ಪರೀಕ್ಷೆ: ನಿಮ್ಮ ಕಾರ್ಡು, ಲಾಗ್‌ಬುಕ್, ಕೊನೆಯ ಡೈವ್ ಯಾವಾಗ ಅಂತ ಅವರು ಕೇಳದಿದ್ದರೆ, ನಿಮ್ಮ ಪಕ್ಕದವನನ್ನೂ ಕೇಳಿರುವುದಿಲ್ಲ. ನೀರಿನಡಿ ಅವನೇ ನಿಮ್ಮ ಜೊತೆಗಾರ.

ತರಬೇತಿ ಎಲ್ಲಿ ಕೊಡುತ್ತಾರೆ ಅನ್ನುವುದೂ ಮುಖ್ಯ. ಹೋಗುವ ದಾರಿಯಲ್ಲಿ, ಎಂಜಿನ್ ಸದ್ದಿನ ನಡುವೆ, ಅರ್ಧ ಜನ ವಾಂತಿ ಮಾಡುತ್ತಿರುವಾಗ ಹೇಳುವ ಐದು ನಿಮಿಷದ ಪಾಠ ಯಾರ ತಲೆಗೂ ಹೋಗುವುದಿಲ್ಲ. ಎದೆಮಟ್ಟದ ನೀರಿನಲ್ಲಿ ಮೂರು ಕೆಲಸ ಮಾಡಿಸಬೇಕು: ಮಾಸ್ಕಿಗೆ ನುಗ್ಗಿದ ನೀರನ್ನು ಮೂಗಿನಿಂದ ಊದಿ ಹೊರಹಾಕುವುದು, ಬಾಯಿಂದ ಜಾರಿದ ರೆಗ್ಯುಲೇಟರನ್ನು (ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ಸಾಧನ) ಹುಡುಕಿ ಮತ್ತೆ ಹಾಕಿಕೊಳ್ಳುವುದು, ಮೂಗು ಹಿಡಿದು ಮೆಲ್ಲಗೆ ಊದಿ ಕಿವಿ ಬಿಡಿಸಿಕೊಳ್ಳುವುದು. ಕಿವಿಯನ್ನು ನೋವು ಶುರುವಾಗುವ ಮೊದಲೇ, ಪ್ರತಿ ಮೀಟರಿಗೂ ಬಿಡಿಸಬೇಕು. ನೋವು ಬಂದ ಮೇಲೆ ಎಷ್ಟು ಊದಿದರೂ ತೆರೆಯುವುದು ಕಷ್ಟ. ಇವೆಲ್ಲಕ್ಕಿಂತ ಮೇಲಿನ ಪಾಠ, ಉಸಿರು ಕಟ್ಟಬಾರದು. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನ ಎರಡರಷ್ಟು. ಅಲ್ಲಿ ಎಳೆದ ಉಸಿರನ್ನು ಹಿಡಿದು ಮೇಲೆ ಬಂದರೆ ಅದು ಎರಡು ಪಟ್ಟು ಹಿಗ್ಗುತ್ತದೆ. ಗಾಬರಿಯಾದವರು ಮಾಡುವುದೇ ಇದನ್ನು: ಉಸಿರು ಬಿಗಿಹಿಡಿದು ಮೇಲಕ್ಕೆ ಚಿಮ್ಮುತ್ತಾರೆ. ಒಂದೂಕಾಲು ಮೀಟರ್ ಆಳದಿಂದ ಹೀಗೆ ಬಂದರೂ ಶ್ವಾಸಕೋಶ ಹರಿಯಬಹುದು.

ಆರೋಗ್ಯದ ಫಾರ್ಮು ಕೊಟ್ಟು "ಎಲ್ಲದಕ್ಕೂ ನೋ ಅಂತ ಹಾಕಿ" ಅನ್ನುವವರಿಂದ ದೂರವಿರಿ. ಅಸ್ತಮಾ, ಹೃದಯದ ತೊಂದರೆ, ಫಿಟ್ಸ್, ಕಿವಿಯ ಆಪರೇಷನ್ ಇದ್ದವರಿಗೆ ವೈದ್ಯರ ಸಹಿ ಬೇಕು. ಗರ್ಭಿಣಿಯರು ಇಳಿಯಲೇಬಾರದು. ಶೀತವಿದ್ದರೆ ಆ ವಾರ ಬಿಡಿ.

ಬೋಟಿನ ವಿಷಯ. ಮೈಮೇಲೆ ಐಎನ್‌ಡಿ-ಕೆಎ ಅಂತ ಶುರುವಾಗುವ ನಂಬರಿದ್ದರೆ ಅದು ಮೀನುಗಾರಿಕೆ ಬೋಟಾಗಿ ನೋಂದಣಿಯಾದದ್ದು. ಮೀನು ಹಿಡಿಯುವ ನೋಂದಣಿ ಬೇರೆ, ಪ್ರವಾಸಿಗರನ್ನು ಕೂರಿಸುವ ಪರವಾನಗಿ ಬೇರೆ. ಅದರ ಪ್ರತಿ ತೋರಿಸಿ ಅಂತ ಕೇಳಲು ಸಂಕೋಚ ಬೇಡ. ತಲೆಗೊಂದು ಲೈಫ್ ಜಾಕೆಟ್, ನೀರಿನೊಳಕ್ಕೆ ಇಳಿಯುವ ಗಟ್ಟಿ ಏಣಿ, ವಿಎಚ್‌ಎಫ್ ರೇಡಿಯೊ ಬೇಕು. ಅಷ್ಟು ದೂರಕ್ಕೆ ಮೊಬೈಲ್ ಸಿಗ್ನಲ್ ನಂಬಿ ಹೋಗಬಾರದು. ತುರ್ತು ಕರೆಗೆ ಚಾನೆಲ್ 16, ಕೋಸ್ಟ್ ಗಾರ್ಡ್ ಫೋನು 1554. ಜನ ನೀರಲ್ಲಿದ್ದಾಗ ಪ್ರೊಪೆಲ್ಲರ್ ತಿರುಗಬಾರದು, ಆದರೂ ಬೋಟು ನಡೆಸುವವರೊಬ್ಬರು ಮೇಲೆ ಇರಲೇಬೇಕು. ಎಲ್ಲರೂ ನೀರಿಗಿಳಿದು ಬೋಟಿನಲ್ಲಿ ಬರೀ ಅಡುಗೆಯ ಹುಡುಗ ಉಳಿಯುವುದು ನಡೆಯಬಾರದ ಮಾತು.

ಬೋಟು ಹೊರಡುವ ಮೊದಲು ತಲೆ ಎಣಿಸುವುದು ಹೇಗೆ ಅಂತ ಗಮನಿಸಿ. 1998ರಲ್ಲಿ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಒಂದು ಡೈವ್ ಬೋಟು ದಂಪತಿಯನ್ನು ನೀರಿನಲ್ಲೇ ಬಿಟ್ಟು ದಡಕ್ಕೆ ಬಂತು. ಅವರ ಬ್ಯಾಗು ಬೋಟಿನಲ್ಲೇ ಉಳಿದದ್ದು ಗಮನಕ್ಕೆ ಬಂದಾಗ ಎರಡು ದಿನ ಕಳೆದಿತ್ತು. ಅವರು ಸಿಗಲೇ ಇಲ್ಲ. "ಎಲ್ಲರೂ ಬಂದ್ರಾ?" ಅಂತ ಕೂಗಿದರೆ ಬಂದವರು ಮಾತ್ರ ಹೂಂ ಅನ್ನುತ್ತಾರೆ. ಹಾಳೆಯ ಮೇಲೆ ಹೆಸರು ಬರೆದು, ಒಬ್ಬೊಬ್ಬರನ್ನೇ ಕರೆದು, ಅವರವರ ಬಾಯಿಂದಲೇ ಉತ್ತರ ಪಡೆದು ಗುರುತು ಹಾಕಬೇಕು.

ಸಲಕರಣೆಯನ್ನು ನೀವೇ ಪರೀಕ್ಷೆ ಮಾಡಬಹುದು, ಎರಡು ನಿಮಿಷದ ಕೆಲಸ. ರೆಗ್ಯುಲೇಟರ್ ಬಾಯಿಗಿಟ್ಟು ಗೇಜು ನೋಡುತ್ತಾ ನಾಲ್ಕು ಸಲ ದೀರ್ಘವಾಗಿ ಉಸಿರೆಳೆಯಿರಿ. ಮುಳ್ಳು 200 ಬಾರ್ ಹತ್ತಿರ ಅಲ್ಲಾಡದೆ ನಿಲ್ಲಬೇಕು. ಎಳೆದಾಗ ಕುಸಿದು, ಬಿಟ್ಟಾಗ ಮೇಲೇರಿದರೆ ವಾಲ್ವ್ ಪೂರ್ತಿ ತೆರೆದಿಲ್ಲ. ಮೇಲೆ ಚೆನ್ನಾಗಿಯೇ ಉಸಿರಾಡಬಹುದು, ಆಳಕ್ಕೆ ಹೋದಾಗ ಗಾಳಿ ಸಾಲದೆ ಬರುತ್ತದೆ. ಗಾಳಿಗೆ ಎಣ್ಣೆಯ ವಾಸನೆ, ರುಚಿ ಇದ್ದರೆ ಆ ಸಿಲಿಂಡರ್ ವಾಪಸ್ ಕೊಡಿ. ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಹಾಗಾಗಿ ಸಾಧ್ಯವಾದರೆ ಸಿಲಿಂಡರಿಗೆ ಗಾಳಿ ತುಂಬುವ ಅವರ ಕಂಪ್ರೆಸರನ್ನೇ ನೋಡಿ: ಗಾಳಿ ಎಳೆಯುವ ಪೈಪು ಡೀಸೆಲ್ ಎಂಜಿನ್ನಿನ ಹೊಗೆಯ ಹತ್ತಿರ ಇದ್ದರೆ ಕಥೆ ಮುಗಿಯಿತು. ಬಿಸಿಡಿಯ (ಗಾಳಿ ತುಂಬಿ ತೇಲಲು ಹಾಕಿಕೊಳ್ಳುವ ಜಾಕೆಟ್) ಉಬ್ಬಿಸುವ ಬಟನ್ ಒತ್ತಿ ಬಿಡಿ. ಬಿಟ್ಟ ಮೇಲೂ ಗಾಳಿ ತುಂಬುತ್ತಲೇ ಇದ್ದರೆ ಉಪ್ಪು ಕಟ್ಟಿ ಸಿಕ್ಕಿಹಾಕಿಕೊಂಡಿದೆ ಅಂತ ಅರ್ಥ. ನೀರಿನಡಿ ಅದು ನಿಮ್ಮನ್ನು ಸೀದಾ ಮೇಲಕ್ಕೆ ಒಯ್ಯುತ್ತದೆ.

ಹವೆಯ ಬಗ್ಗೆ ಒಂದೇ ಮಾತು: ಟ್ರಿಪ್ ಕ್ಯಾನ್ಸಲ್ ಮಾಡುವ ಧೈರ್ಯ ಇರುವವರನ್ನು ಆರಿಸಿ. ಕೇಂದ್ರ ಸರ್ಕಾರದ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯಿಸ್ ಅಲೆಯ ಎತ್ತರದ ಮುನ್ಸೂಚನೆ ಕೊಡುತ್ತದೆ, ಮೀನುಗಾರರು ನೋಡುವುದೂ ಅದನ್ನೇ. ಮಧ್ಯಾಹ್ನದ ಮೇಲೆ ಕಡಲ ಗಾಳಿ ಏಳುವುದರಿಂದ ಬೆಳಿಗ್ಗೆ ಬೇಗ ಹೊರಡುವ ಬೋಟೇ ಒಳ್ಳೆಯದು. ಹವೆ ಕೆಟ್ಟರೆ ಹಣ ವಾಪಸ್ ಬರುತ್ತದಾ ಅಂತ ಬರಹದಲ್ಲಿ ಪಡೆಯಿರಿ. ವಾಪಸ್ ಕೊಡದವರಿಗೆ ಕೆಟ್ಟ ಹವೆಯಲ್ಲೂ ಹೊರಡುವ ಆಸೆ ಇರುತ್ತದೆ. (ಕಾರವಾರದ ಹತ್ತಿರವೇ ಯಾಕಾಗಬಾರದು ಅಂತ ಕೇಳುವವರಿಗೆ: ಅಲ್ಲಿ ಕಾಳಿ ನದಿ ಕಡಲು ಸೇರುತ್ತದೆ, ಹೂಳು ತರುತ್ತದೆ, ನೀರಿನಡಿ ಕಾಣುವುದು ಕಡಿಮೆ. ನೇತ್ರಾಣಿ ದಡದಿಂದ ದೂರ ಇರುವುದೇ ಅದರ ನೀರು ತಿಳಿಯಾಗಿರಲು ಕಾರಣ.)

ಕೊನೆಯದು ನಮ್ಮ ಘಟ್ಟದ ಮೇಲಿನವರಿಗೆ. ವಿಮಾನ ಹತ್ತುವ ಮೊದಲು ಒಂದೇ ಡೈವ್ ಆದರೆ 12 ಗಂಟೆ, ಹಲವು ಡೈವ್ ಆದರೆ 18 ಗಂಟೆ ಕಾಯಬೇಕೆಂಬ ಮಾರ್ಗಸೂಚಿಯನ್ನು ಬಹಳ ಮಂದಿ ಕೇಳಿರುತ್ತಾರೆ. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಇಳಿದು ಬೆಂಡ್ಸ್ ಆಗಬಹುದು ಅನ್ನುವುದೇ ಅದಕ್ಕೆ ಕಾರಣ, ಹಾಗಾಗಿ ಘಾಟಿ ಹತ್ತುವವರಿಗೂ ಅದು ಅನ್ವಯ. ಆ ಲೆಕ್ಕ ಶುರುವಾಗುವುದು ಸುಮಾರು 600 ಮೀಟರ್ ಎತ್ತರದಿಂದ. ಶಿರಸಿ, ಸಾಗರ ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿವೆ, ಬೆಂಗಳೂರು 900 ದಾಟುತ್ತದೆ. ಒಂದೇ ಒಂದು 6-8 ಮೀಟರಿನ ಟ್ರೈ ಡೈವ್‌ಗೆ ಅಪಾಯ ತೀರಾ ಕಡಿಮೆ. ಆದರೆ ಶನಿವಾರ ಎರಡು, ಭಾನುವಾರ ಎರಡು ಡೈವ್ ಮಾಡಿ ರಾತ್ರಿಯ ಸ್ಲೀಪರಿನಲ್ಲಿ ಗೇರುಸೊಪ್ಪೆ ಘಾಟಿ ಹತ್ತುವುದು ಬೇರೆ ಮಾತು. ಬುಕ್ ಮಾಡುವಾಗ ವಾಪಸ್ ಹೇಗೆ ಹೋಗ್ತೀರಿ ಅಂತ ತಾವಾಗಿಯೇ ಕೇಳುವ ಆಪರೇಟರ್ ಸಿಕ್ಕರೆ ಬಿಡಬೇಡಿ. ಡೈವೆಲ್ಲ ಶನಿವಾರವೇ ಮುಗಿಸಿ, ಭಾನುವಾರ ಇಡಗುಂಜಿ, ಅಪ್ಸರಕೊಂಡ ಅಂತ ಕೆಳಗೇ ಸುತ್ತಾಡಿ, ಸಂಜೆಯ ಮೇಲೆ ಘಾಟಿ ಹತ್ತಿ. ಜೋಗ ನೋಡುವ ಪ್ಲಾನಿದ್ದರೆ ಬರುವಾಗಲೇ ನೋಡಿಕೊಂಡು ಬನ್ನಿ.