ಊರಿನ ಅಂಗಿ ತೊಟ್ಟು ಆಡುವವರು
2024ರ ಜುಲೈ 13. ಡಬ್ಲಿನ್‌ನ ಕ್ರೋಕ್ ಪಾರ್ಕ್‌ನಲ್ಲಿ ಅಖಿಲ ಐರ್ಲೆಂಡ್ ಗೇಲಿಕ್ ಫುಟ್ಬಾಲ್ ಸೆಮಿಫೈನಲ್, ಕೆರ್ರಿ ಮತ್ತು ಅರ್ಮಾ ಕೌಂಟಿಗಳ (ನಮ್ಮ ಜಿಲ್ಲೆಗಳ ಹಾಗೆ) ನಡುವೆ. ನನ್ನ ಎಡಕ್ಕೆ ಕೆರ್ರಿಯ ಹಸಿರು ಅಂಗಿ ತೊಟ್ಟ ಅಜ್ಜ. ಬಲಕ್ಕೆ ನನ್ನ ಜೊತೆ ಕೆಲಸ ಮಾಡುವ ಅರ್ಮಾ ಕಡೆಯ ಗೆಳೆಯ, ಕಿತ್ತಳೆ ಅಂಗಿಯಲ್ಲಿ. ಎರಡು ಕಡೆಯವರನ್ನು ಇಲ್ಲಿ ಬೇರೆ ಬೇರೆ ಕೂರಿಸುವುದಿಲ್ಲ. ಅಜ್ಜ ಬುತ್ತಿ ಬಿಚ್ಚಿ ನಮಗಿಬ್ಬರಿಗೂ ಸ್ಯಾಂಡ್‌ವಿಚ್ ಕೊಟ್ಟರು. ಆಟ ಹೆಚ್ಚುವರಿ ಸಮಯಕ್ಕೆ ಹೋಗಿ ಅರ್ಮಾ 1-18, ಕೆರ್ರಿ 1-16 ಆಯಿತು. ಅಜ್ಜ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದು, ಆಮೇಲೆ ಎದ್ದು ಗೆಳೆಯನ ಕೈ ಹಿಡಿದು, "ಕಪ್ ತಗೊಂಡೇ ಊರಿಗೆ ಹೋಗಿ" ಅಂದರು.

ಲೆಕ್ಕ ಹೀಗೆ: ಬಲೆಯೊಳಗೆ ಹೋದರೆ ಗೋಲು, ಅದಕ್ಕೆ ಮೂರು ಪಾಯಿಂಟು. 2024ರಲ್ಲಿ ಅಡ್ಡಪಟ್ಟಿಯ ಮೇಲಿಂದ ಹಾರಿದರೆ ಒಂದು. ಮೊದಲ ಅಂಕಿ ಗೋಲಿನದು, ಎರಡನೆಯದು ಪಾಯಿಂಟಿನದು. ಚೆಂಡನ್ನು ಕೈಯಲ್ಲೂ ಹಿಡಿಯಬಹುದು, ಕಾಲಲ್ಲೂ ಒದೆಯಬಹುದು.

ನನಗೆ ಹಿಡಿಸಿದ್ದು ಆಟಕ್ಕಿಂತ ಆಡುವವರು. ಯಾರಿಗೂ ಸಂಬಳ ಇಲ್ಲ. ಮೇಷ್ಟ್ರು, ಎಲೆಕ್ಟ್ರಿಷಿಯನ್, ರೈತರು ಹಗಲು ಕೆಲಸ ಮಾಡಿ ಸಂಜೆ ಅಭ್ಯಾಸಕ್ಕೆ ಹೋಗುತ್ತಾರೆ. ಮೊದಲು ಊರಿನ ಕ್ಲಬ್ಬು, ಅಲ್ಲಿಂದ ಕೌಂಟಿ ತಂಡ. ದುಡ್ಡು ಕೊಟ್ಟು ಕೆರ್ರಿಯ ಹುಡುಗನನ್ನು ಅರ್ಮಾಕ್ಕೆ ತರೋಕಾಗಲ್ಲ. ಎಂಬತ್ತು ಸಾವಿರಕ್ಕೂ ಜಾಸ್ತಿ ಜನ ತುಂಬುವ ಮೈದಾನದಲ್ಲಿ ಆಡಿದವನು ಸೋಮವಾರ ಮತ್ತೆ ಶಾಲೆಯಲ್ಲೋ ಅಂಗಡಿಯಲ್ಲೋ ಸಿಗುತ್ತಾನೆ.

ಅರ್ಮಾ ಇರುವುದು ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡಿನಲ್ಲಿ. ಆದರೆ ಈ ಆಟಕ್ಕೆ ಆ ಗಡಿ ಇಲ್ಲ, ಇಡೀ ದ್ವೀಪಕ್ಕೆ ಒಂದೇ ಕಪ್. ಆ ಸೆಮಿಫೈನಲ್‌ವರೆಗೆ ಅರ್ಮಾ ಅದನ್ನು ಗೆದ್ದದ್ದು ಒಂದೇ ಸಲ, 2002ರಲ್ಲಿ. ಅಂದಿನ ನಾಯಕ ಕಿಯರನ್ ಮೆಕ್‌ಗೀನಿ 2024ರಲ್ಲಿ ತಂಡದ ಮ್ಯಾನೇಜರ್. ಹತ್ತು ವರ್ಷದಿಂದ ಅದೇ ಕೆಲಸದಲ್ಲಿದ್ದರು. ಮೂರು ವರ್ಷದಲ್ಲಿ ನಾಲ್ಕು ಸಲ ಪೆನಾಲ್ಟಿಯಲ್ಲಿ ಸೋತಿದ್ದರು: 2022ರಲ್ಲಿ ಗಾಲ್ವೇಗೆ, 2023ರಲ್ಲಿ ಡೆರ್ರಿಗೆ, ಮೊನಾಹನ್‌ಗೆ, 2024ರ ಅಲ್‌ಸ್ಟರ್ (ಉತ್ತರದ ಪ್ರಾಂತ್ಯ) ಫೈನಲ್‌ನಲ್ಲಿ ಡೊನೆಗಾಲ್‌ಗೆ. ಆದರೂ ಅವರನ್ನು ತೆಗೆಯಲಿಲ್ಲ. ನಮ್ಮಲ್ಲಿ ಆಗಿದ್ದರೆ ಎರಡನೇ ಸೋಲಿಗೇ ಬದಲಾಯಿಸಿ ಅಂತ ಕೂಗು ಏಳುತ್ತಿತ್ತು, ಅಲ್ವಾ?

ಇದನ್ನೆಲ್ಲ ನೋಡುವಾಗ ನನಗೆ ನೆನಪಾಗುವುದು ನಮ್ಮ ರಣಜಿ ತಂಡ. ಕರ್ನಾಟಕ ಎಂಟು ಸಲ ಗೆದ್ದಿದೆ. ಆದರೆ ಚಿನ್ನಸ್ವಾಮಿಯಲ್ಲಿ ನಾನು ರಣಜಿ ನೋಡಲು ಹೋದಾಗ ಸ್ಟ್ಯಾಂಡಿನಲ್ಲಿ ಬೆರಳೆಣಿಕೆಯಷ್ಟು ಜನ. ಟೆಸ್ಟಿನಲ್ಲಿ ಮುನ್ನೂರು ಹೊಡೆದ ಕರುಣ್ ನಾಯರ್ ನಮ್ಮ ತಂಡದಲ್ಲಿ ಜಾಗ ಸಿಗದೆ ವಿದರ್ಭಕ್ಕೆ ಹೋದರು. ಅವರ ಜೊತೆ 2024-25ರ ರಣಜಿ ಗೆದ್ದು, ಆಮೇಲೆ ವಾಪಸ್ ಬಂದರು. ಹೋದದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಬ್ಯಾಟೇ ಹೊಟ್ಟೆಪಾಡು ಆದವನಿಗೆ ಆಡಲು ಜಾಗ ಬೇಕೇ ಬೇಕು. ಸಂಬಳ ಇಲ್ಲದೆ ಆಡಿ ಅಂತ ನಮ್ಮ ಹುಡುಗರಿಗೆ ಹೇಳುವುದೂ ಅನ್ಯಾಯ. ಐರ್ಲೆಂಡಿನಿಂದ ನಾನು ತರಬೇಕೆನ್ನುವುದು ಬೇರೆ. ಹುಬ್ಬಳ್ಳಿ, ಶಿವಮೊಗ್ಗ, ಮೈಸೂರಿನಲ್ಲಿ ರಣಜಿ ಪಂದ್ಯ ನಡೆಯುವಾಗ ಶಾಲೆಯ ಮಕ್ಕಳನ್ನು ಕರೆದು ಕೂರಿಸಲಿ. ಊರಿನ ಕ್ಲಬ್ಬುಗಳಿಗೆ ಒಳ್ಳೆಯ ಜಾಗ ಮೀಸಲಿಡಲಿ. ಐರ್ಲೆಂಡಿನಲ್ಲಿ ಫೈನಲ್ ಟಿಕೆಟ್ ಹೆಚ್ಚಾಗಿ ಹಂಚುವುದು ಕ್ಲಬ್ಬುಗಳ ಮೂಲಕ. ವರ್ಷವಿಡೀ ಮೈದಾನದ ಹುಲ್ಲು ಕತ್ತರಿಸಿದವರಿಗೆ, ಮಕ್ಕಳಿಗೆ ಆಟ ಕಲಿಸಿದವರಿಗೆ ಅದು ಸಲ್ಲಬೇಕು.

ಹಾಗಾಗಿ ಜುಲೈ 28ರ ಫೈನಲ್‌ಗೆ ನನಗೆ ಟಿಕೆಟ್ ಸಿಗಲಿಲ್ಲ, ಗೆಳೆಯನಿಗೂ ಸಿಗಲಿಲ್ಲ. ಅವನ ಮನೆಯಲ್ಲಿ ಟಿವಿ ಮುಂದೆ ಕೂತೆವು. ಎದುರಾಳಿ ಅದೇ ಗಾಲ್ವೇ. ದ್ವಿತೀಯಾರ್ಧದಲ್ಲಿ ಸ್ಟೆಫಾನ್ ಕ್ಯಾಂಬೆಲ್ ಚೆಂಡು ಹೊತ್ತು ನುಗ್ಗಿ ಗೋಲಿನ ಎದುರಿಗೆ ಎತ್ತಿ ಕೊಟ್ಟರು. ಹಿಂದೆ ನಿಂತು ಎದುರಾಳಿಗಳನ್ನು ತಡೆಯಬೇಕಾದ ಡಿಫೆಂಡರ್ ಆರನ್ ಮೆಕೇ ಅಲ್ಲಿಗೆ ಓಡಿ ಬಂದಿದ್ದರು, ಅಂಗೈಯಲ್ಲಿ ತಟ್ಟಿ ಬಲೆಗೆ ಹಾಕಿದರು. ಕೊನೆಗೆ ಅರ್ಮಾ 1-11, ಗಾಲ್ವೇ 0-13. ಒಂದೇ ಪಾಯಿಂಟು ಅಂತರ. ಗೆಳೆಯ ಮುಖ ಮುಚ್ಚಿಕೊಂಡು ಅತ್ತ. ಆಮೇಲೆ ಕಾರಿನ ಕೀ ತಗೊಂಡು, "ಅಮ್ಮನ ಮನೆಗೆ ಹೋಗ್ತಿದ್ದೀನಿ, ಬರ್ತೀಯಾ?" ಅಂದ. ರಾತ್ರಿ ಗಡಿ ದಾಟಿದ ಮೇಲೆ ದಾರಿಯುದ್ದಕ್ಕೂ ಗೇಟು, ಕಂಬ, ಟ್ರ್ಯಾಕ್ಟರ್, ಎಲ್ಲದರ ಮೇಲೂ ಕಿತ್ತಳೆ ಬಾವುಟ. ಬಾಗಿಲು ತೆಗೆದ ಅವನ ತಾಯಿ ಮೈಮೇಲೆ 2002ರ ಹಳೇ ಅಂಗಿ ಇತ್ತು.